ಮೂವತ್ತಕ್ಕೆ ಇಪ್ಪತ್ತೇಳು

ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳ ಶೀರ್ಷಿಕೆಗಳನ್ನು ಸಾಲಾಗಿ ಓದಿದರೆ ಸಹಸ್ರನಾಮ ಓದಿದಷ್ಟು ಪುಣ್ಯ. 'ಇಂಥಾ ಬೋಧನೆಯ ಪರಿಣಾಮಕಾರಿತ್ವದ ಅಧ್ಯಯನ, ಆಯ್ದ ಕಾಲೇಜುಗಳಲ್ಲಿ.' ಹೆಸರು ಬದಲಾಗಬಹುದು, ಫಲಶ್ರುತಿ ಒಂದೇ: ಪರಿಣಾಮಕಾರಿ! ಈ ಸಲದ ದೇವರು ಸಮಸ್ಯೆ ಆಧಾರಿತ ಕಲಿಕೆ.

ದೇವರೇನೋ ಒಳ್ಳೆಯವನೇ. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವೈದ್ಯಕೀಯ ಶಾಲೆ 20 ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಶುರು ಮಾಡಿತು. ಮೊದಲು ರೋಗಿ, ಆಮೇಲೆ ಪುಸ್ತಕ. ಏಳೆಂಟು ಮಂದಿ ಸುತ್ತ ಕೂತು 'ಇವನಿಗೇನಾಗೈತಿ, ನಮಗೇನು ಗೊತ್ತಿಲ್ಲ' ಎಂದು ತಲೆ ಕೆರೆದುಕೊಳ್ಳಬೇಕು, ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮಲ್ಲಿ ಒಂದು ಕೋಣೆಗೆ ಅರವತ್ತು ಮಂದಿ. ಬಾಯಿ ಮುಚ್ಚಿಕೊಳ್ಳುವ ಕೆಲಸವನ್ನು ಅವರಿಗೇ ವಹಿಸಲಾಗಿದೆ.

ತಂಗಿಯ ಮಗಳು ತಿಕೋಟಾದಿಂದ ದಿನಾ ವಿಜಯಪುರದ ಬಸ್ಸು ಹಿಡಿದು ನರ್ಸಿಂಗ್ ಓದಲು ಹೋಗುತ್ತಾಳೆ. ಕಾಲೇಜಿನ ಹೆಸರು ಬೇಡ, ಮಾರ್ಕ್ಸು ಅವರ ಕೈಯಲ್ಲಿವೆ. ಎಂ.ಎಸ್ಸಿ. ಮಾಡುತ್ತಿದ್ದ ಮೇಡಂ ಒಬ್ಬರು ತಮ್ಮ ಪ್ರಬಂಧಕ್ಕಾಗಿ ಸೋಮವಾರ ಮೂವತ್ತು ಪ್ರಶ್ನೆಗಳ ಪ್ರೀ-ಟೆಸ್ಟ್ ಬರೆಸಿದರು. ಅವಳಿಗೆ ಹನ್ನೊಂದು. ಮರುದಿನ ಸಮಸ್ಯೆಯ ಜೆರಾಕ್ಸ್ ಹಂಚಿದರು: 'ಮಿಸ್ಟರ್ ಜಾನ್, 45 ವರ್ಷ, ಹಿಮದಲ್ಲಿ ಜಾರಿ ಬಿದ್ದಿದ್ದಾನೆ.' ತಿಕೋಟಾದಲ್ಲಿ ಹಿಮ! ಐಸ್‌ಕ್ಯಾಂಡಿ ಗಾಡಿ ಬಿಟ್ಟರೆ ಬೇರೆ ಹಿಮ ಕಂಡವರಿಲ್ಲ. ಉತ್ತರ ಅದೇ ಹಾಳೆಯ ಹಿಂಬದಿಗೇ ಇತ್ತು. ಮುಂದಿನ ಸೋಮವಾರ ಅವೇ ಮೂವತ್ತು ಪ್ರಶ್ನೆಗಳು. ಅವಳ ಗೆಳತಿಗೆ ಇಪ್ಪತ್ತೇಳು ಬಂತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲವೇ ಅಂತ ಕೇಳಿದೆ. 'ಮಾಮಾ, ಇರೋದ ಒಂದ ಗುಂಪು. ಎರಡು ಮಾಡಿದ್ರ ಕೂಡಾಕ ಬೆಂಚ ಎಲ್ಲೈತಿ?'

ಅವಳಿಗೆಷ್ಟು ಬಂತು? ಅವಳು ಬರೆಯಲೇ ಇಲ್ಲ.

ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಮುಗಿದ ಮೇಲೆ ನಮ್ಮ ಕಡೆ ತೋಟದಲ್ಲಿ ಪಂಪು ನಿಲ್ಲುವುದೇ ಇಲ್ಲ. ಪರೀಕ್ಷೆಯ ಹಿಂದಿನ ಸಂಜೆ ಕೀಟದ ಔಷಧಿ ಹೊಡೆಯುತ್ತಿದ್ದ ಆಳು ಬಾಂದಿನ ಮೇಲೆ ಕುಸಿದ. ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು, ವಾಂತಿ. 'ಪಿತ್ತ ಆಗೈತಿ, ಲಿಂಬಿ ಪಾನಕ ಕೊಡ್ರಿ' ಎಂದು ತೋಟದ ತಜ್ಞರೆಲ್ಲ ತೀರ್ಪು ಕೊಟ್ಟರು. ಹುಡುಗಿ ಮೊಬೈಲ್ ಟಾರ್ಚ್ ಹಾಕಿ ಕಣ್ಣು ಬಿಡಿಸಿ ನೋಡಿದಳು. ಪಾಪೆ ಸಾಸಿವೆಗಿಂತ ಸಣ್ಣಗಾಗಿತ್ತು. ಪಿತ್ತವಲ್ಲ, ಔಷಧಿಯ ವಿಷ. ಪಾನಕ ಕಿತ್ತುಕೊಂಡು ಚೆಲ್ಲಿದಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅವನ ಅಂಗಿ ಹರಿದು ತೆಗೆದಳು, ಸಾಬೂನು ನೀರು ಸುರಿದು ಮೈ ತೊಳೆಸಿದಳು, ಮಗ್ಗುಲಾಗಿ ಮಲಗಿಸಿ ಜೀಪಿಗೆ ಹಾಕಿಸಿದಳು. ಔಷಧಿಯ ಬಾಟಲಿಯನ್ನೂ ಕವರಿನಲ್ಲಿ ಕಟ್ಟಿಕೊಂಡಳು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಹನಿಯುತ್ತಿರುವಾಗ ಎದೆಯ ಗುರುಗುರು ಒಣಗುತ್ತಿದೆಯೋ ಇಲ್ಲವೋ ಎಂದು ಬೆಳಗಿನ ತನಕ ಕಿವಿಗೊಟ್ಟು ಕೂತಳು. ಆಳು ಬದುಕಿದ.

ಮಂಗಳವಾರ ಕಾಲೇಜಿಗೆ ಹೋದರೆ ಮೇಡಂ ಬೇಜಾರು ಮಾಡಿಕೊಂಡರು. ಸೋಮವಾರದ ಪೋಸ್ಟ್-ಟೆಸ್ಟ್ ತಪ್ಪಿಸಿಕೊಂಡವರ ಅಂಕಿಅಂಶ ಕೆಲಸಕ್ಕೆ ಬಾರದು. ಪ್ರಬಂಧದಲ್ಲಿ ಈಗ ಮಾದರಿ 60 ಇದ್ದದ್ದು 59 ಆಗಿದೆ. ಕಾರಣದ ಕಾಲಂನಲ್ಲಿ ಬರೆದಿದ್ದಾರೆ: 'ಕಲಿಕೆಯಲ್ಲಿ ಭಾಗವಹಿಸಲಿಲ್ಲ.'