ಒರೆಸುವುದು ಸುಲಭ, ಒಣಗುವುದು ಕಷ್ಟ

ಟವಲಿಗೆ ಈ ಲೋಕದಲ್ಲಿ ಎರಡೇ ಕರ್ತವ್ಯ. ಒಂದು, ಒದ್ದೆ ಮೈಯನ್ನು ಒರೆಸುವುದು. ಇನ್ನೊಂದು, ಮತ್ತೆ ಬೇಕೆನ್ನುವ ಹೊತ್ತಿಗೆ ತಾನು ಒಣಗಿರುವುದು. ಮೊದಲನೆಯದನ್ನು ಯಾವ ಬಟ್ಟೆಯಾದರೂ ಮಾಡೀತು. ಹಳೇ ಬನಿಯನ್ನು ಮಾಡುತ್ತದೆ, ಅವಸರ ಬಿದ್ದರೆ ಕಿಟಕಿಯ ಪರದೆಯೂ ಮಾಡುತ್ತದೆ. ಟವಲುಗಳ ಬಂಡವಾಳ ಬಯಲಾಗುವುದು ಎರಡನೆಯದರಲ್ಲಿ. ಆದರೆ ಅಂಗಡಿಯಲ್ಲಿ ನಿಂತಾಗ ಇದನ್ನು ಯಾರೂ ವಿಚಾರಿಸುವುದಿಲ್ಲ. ಕೆನ್ನೆಗೆ ಒತ್ತಿಕೊಂಡು, "ಆಹಾ, ಎಷ್ಟು ಮೆತ್ತಗಿದೆ!" ಎಂದು ಬಿಲ್ಲು ಮಾಡಿಸುತ್ತೇವೆ. ಮೆತ್ತಗಿರುವುದೇ ದೊಡ್ಡ ಗುಣವಾಗಿದ್ದರೆ ದಿಂಬಿನಲ್ಲೇ ಮೈ ಒರೆಸಿಕೊಳ್ಳಬಹುದಿತ್ತು.

ನಮ್ಮ ಮನೆಯಲ್ಲಿ ಟವಲುಗಳದ್ದು ಮೂರು ವರ್ಗ. ಮೊದಲನೆಯ ವರ್ಗದವು ಮದುವೆ, ಗೃಹಪ್ರವೇಶಗಳಲ್ಲಿ ಬಂದ ದಪ್ಪ ಟರ್ಕಿ ಟವಲುಗಳು. ಅವು ಬೀರುವಿನ ಮೇಲಿನ ಅರೆಯಲ್ಲಿ, ತಮ್ಮ ಪ್ಲಾಸ್ಟಿಕ್ ಲಕೋಟೆ ಬಿಟ್ಟು ಹೊರಬರದೆ ಕೂತಿವೆ. "ಯಾರಾದರೂ ನೆಂಟರು ಬಂದರೆ ಬೇಕಾಗುತ್ತೆ" ಎನ್ನುವುದು ನನ್ನ ಹೆಂಡತಿಯ ನಿಲುವು. ನೆಂಟರು ಬರುತ್ತಾರೆ, ಆದರೆ ಟವಲು ತಂದೇ ಬರುತ್ತಾರೆ. ಅವರ ಮನೆಯ ಬೀರುವಿನ ಕಥೆಯೂ ಇದೇ ಆದ್ದರಿಂದ ಅವರಿಗೆ ಎಲ್ಲ ಗೊತ್ತು. ಎರಡನೆಯ ವರ್ಗ ಬಳಕೆಗೆ ಬಿದ್ದ ಟರ್ಕಿ ಟವಲುಗಳದ್ದು. ಅವು ಬಾಲ್ಕನಿಯ ಹಗ್ಗದ ಖಾಯಂ ಬಾಡಿಗೆದಾರರು. ಮೂರನೆಯದು ತೆಳ್ಳನೆಯ ಹತ್ತಿ ಟವಲು. ಕರಾವಳಿಯವರಿಗೆ ಅದು ಬೈರಾಸು, ಮಡಿಯ ಮನೆಗಳಲ್ಲಿ ಪಾಣಿಪಂಚೆ, ಗಡಿ ದಾಟಿದರೆ ತೋರ್ತು, ಬಂಗಾಳಕ್ಕೆ ಹೋದರೆ ಗಮ್ಛಾ. ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣಬೇಕು. ಅಷ್ಟು ತೆಳುವಾದದ್ದನ್ನು ಉಡುಗೊರೆ ಕೊಡಲು ಎಲ್ಲರಿಗೂ ಸಂಕೋಚ. ಹಾಗಾಗಿ ಅದು ನಮ್ಮ ಮನೆಗೆ ನನ್ನ ದುಡ್ಡಿನಲ್ಲೇ ಬರುತ್ತದೆ.

ಟರ್ಕಿ ಟವಲು ನಿಜಕ್ಕೂ ಟರ್ಕಿಯದೇ. ಅಲ್ಲಿಯ ಬುರ್ಸಾ ಪಟ್ಟಣದ ನೇಕಾರರು ನೂಲನ್ನು ಕುಣಿಕೆ ಕುಣಿಕೆಯಾಗಿ ಎಬ್ಬಿಸಿ ನೇಯುತ್ತಿದ್ದರು. ಅದನ್ನು ಕಂಡು ಮರುಳಾದ ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷಿನವನು ಮಾದರಿಯೊಂದನ್ನು ತನ್ನ ಮನೆತನದ ಗಿರಣಿಗೆ ಒಯ್ದ. ಯಂತ್ರದಲ್ಲಿ ನೇಯ್ದ ಆ ಟವಲು 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. ಕುಣಿಕೆ ಹೆಚ್ಚಿದಷ್ಟೂ ನೀರು ಹಿಡಿಯುವ ಜಾಗ ಹೆಚ್ಚು, ನಿಜ. ಆದರೆ ನೀರು ಹಿಡಿಯಲು ಗೊತ್ತಿರುವವನಿಗೆ ಬಿಡಲೂ ಗೊತ್ತಿರಬೇಕಲ್ಲ. ಒಳ್ಳೆಯ ಟರ್ಕಿ ಟವಲು ಚದರ ಮೀಟರಿಗೆ 400ರಿಂದ 600 ಗ್ರಾಂ ತೂಗುತ್ತದೆ. ಅಷ್ಟೂ ಹತ್ತಿ ಒದ್ದೆಯಾದ ಮೇಲೆ ಅದನ್ನು ಒಣಗಿಸಲು ಟರ್ಕಿಯ ಬಿಸಿಲೇ ಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಆಷಾಢದ ದಿನ ಅದನ್ನು ಹಗ್ಗಕ್ಕೆ ಹಾಕಿದರೆ, ತೆಗೆಯುವುದು ಗಣೇಶನ ಹಬ್ಬಕ್ಕೆ. ಮಲೆನಾಡಿನವರು ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಅಲ್ಲಿ ಬೈರಾಸು ಅನ್ನ ಬಾಗುವುದರೊಳಗೆ ಒಣಗುತ್ತದೆ, ಟರ್ಕಿ ಟವಲು ಮಾತ್ರ ಹೊಗೆಯನ್ನು ಹೀರಿಕೊಂಡು ತೇವವನ್ನು ಹಾಗೇ ಉಳಿಸಿಕೊಳ್ಳುತ್ತದೆ. ಸ್ನಾನ ಮಾಡಿ ಬಂದವರ ಮೈಯೆಲ್ಲ ಬಚ್ಚಲೊಲೆಯ ಘಮ.

ಈ ವಿಚಾರದಲ್ಲಿ ನನಗೂ ನನ್ನ ತಂಗಿಯ ಮಗನಿಗೂ ದೊಡ್ಡ ವಾದವೇ ನಡೆದಿದೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು, ಶನಿವಾರ ಭಾನುವಾರ ಬೆಟ್ಟದವನು. ಕುಮಾರ ಪರ್ವತಕ್ಕೆ ಹೊರಟಾಗ ನನ್ನನ್ನೂ ಎಬ್ಬಿಸಿದ. ಹೊರಡುವ ಹಿಂದಿನ ದಿನ ಅಡುಗೆಮನೆಯ ತಕ್ಕಡಿಯನ್ನು ಹಾಲಿಗೆ ತಂದು ಸಾಮಾನನ್ನೆಲ್ಲ ಗ್ರಾಂ ಲೆಕ್ಕದಲ್ಲಿ ತೂಗಿದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ್ದ. ನನ್ನ ಬೈರಾಸನ್ನು ಎತ್ತಿ ನೋಡಿ, "ಮಾವ, ಇದು ಬೇಡ. ಬೆಟ್ಟದಲ್ಲಿ ಹತ್ತಿ ಕೊಲ್ಲುತ್ತೆ ಅಂತ ಅಮೆರಿಕದ ಚಾರಣಿಗರು ಹೇಳ್ತಾರೆ" ಎಂದ.

"ನಿನ್ನ ಅಜ್ಜ ಹತ್ತಿ ಬಿಟ್ಟು ಬೇರೆ ಏನೂ ಉಟ್ಟವರಲ್ಲ. ಅವರನ್ನು ಕೊಂದದ್ದು ಬೀಡಿ" ಎಂದೆ.

ಅವನ ಮಾತೇನೂ ಸುಳ್ಳಲ್ಲ. ಹಿಮ ಬೀಳುವ ಕಡೆ ಹತ್ತಿಯ ಅಂಗಿ ಬೆವರಿನಿಂದ ತೊಯ್ದರೆ ಬೇಗ ಒಣಗದೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ, ಜೀವಕ್ಕೇ ಅಪಾಯ. ಆದರೆ ಅದು ಅಂಗಿಗೆ ಹೇಳಿದ ಬುದ್ಧಿ. ಟವಲನ್ನು ಮೈಮೇಲೆ ಹಾಕಿಕೊಂಡು ಹಿಮದಲ್ಲಿ ಮಲಗುವವನನ್ನು ಯಾವ ನಾರೂ ಕಾಪಾಡಲಾರದು.

ಅಳಿಯ ತಂದದ್ದು ಮೈಕ್ರೋಫೈಬರ್ ಟವಲು. ಪಾಲಿಯೆಸ್ಟರು, ನೈಲಾನುಗಳ ಎಳೆಯನ್ನು ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣಗೆ ಸೀಳಿ ಮಾಡಿದ್ದು. ಮಡಿಸಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಇಳಿದು ಬಂದು ಕುಮಾರಧಾರೆಯಲ್ಲಿ ಮುಳುಗಿ ಎದ್ದಾಗ, ಸೌಜನ್ಯಕ್ಕೆ ಅದನ್ನೇ ನನಗೆ ಕೊಟ್ಟ. ಬೆನ್ನ ಮೇಲೆ ಎಳೆದೆ, ಅದು ಚರ್ಮ ಹಿಡಿದುಕೊಂಡು ನಿಂತಿತು. ಕಾಲಿಗೆ ಇಳಿಸಿದೆ, ಒಡೆದ ಹಿಮ್ಮಡಿಗೆ ಸಿಕ್ಕಿಕೊಂಡಿತು. "ಒರೆಸಬಾರದು ಮಾವ, ಮೆಲ್ಲಗೆ ಒತ್ತಬೇಕು" ಎಂದು ಅಳಿಯ ದಡದಿಂದ ಪಾಠ ಹೇಳಿದ. ಟವಲಿಗೂ ಬಳಸುವ ವಿಧಾನ ಎಂಬುದೊಂದಿದೆ ಎಂದು ಐವತ್ತು ದಾಟಿದ ಮೇಲೆ ತಿಳಿಯಿತು. ಮನೆಗೆ ಕಳ್ಳ ನುಗ್ಗಿದರೂ ಒರೆಸಿಕೊಂಡು ಹೊರಗೆ ಓಡಿ ಬರುವಷ್ಟು ಬೇಗ ಕೆಲಸ ಮುಗಿಯಬೇಕು. ಒತ್ತಿ ಒತ್ತಿ ತೆಗೆಯುವಷ್ಟು ತಾಳ್ಮೆ ಇರುವವನು ಗಾಳಿಗೇ ಒಣಗಬಹುದು.

ಒಣಗುವ ಎರಡನೆಯ ಕರ್ತವ್ಯದಲ್ಲಿ ಮಾತ್ರ ಮೈಕ್ರೋಫೈಬರಿಗೆ ಪೂರ್ತಿ ಅಂಕ ಕೊಡಬೇಕು. ಹತ್ತಿಯ ಎಳೆ ಸುಮ್ಮನೆ ಗಾಳಿಯಲ್ಲಿ ಬಿದ್ದಿದ್ದರೂ ತನ್ನ ತೂಕದ ಶೇ. 8ರಷ್ಟು ತೇವವನ್ನು ಕುಡಿದಿರುತ್ತದೆ. ಪಾಲಿಯೆಸ್ಟರು ಶೇ. ಅರ್ಧದಷ್ಟನ್ನೂ ಮುಟ್ಟುವುದಿಲ್ಲ. ಅದರ ನೀರೆಲ್ಲ ಎಳೆಗಳ ಸಂದಿಯಲ್ಲಿ, ಹಿಂಡಿದರೆ ಹೋಯಿತು. ಆದರೆ ಮೈಯ ಜಿಡ್ಡಿನೊಂದಿಗೆ ಅದಕ್ಕೆ ಬಲು ಸ್ನೇಹ. ಬೆವರು ಕಂಡ ಪಾಲಿಯೆಸ್ಟರು ಹತ್ತಿಗಿಂತ ಜೋರಾಗಿ ನಾರುವುದೂ ಇದರಿಂದಲೇ. ಸುಬ್ರಹ್ಮಣ್ಯದಿಂದ ಹೊರಟ ಬಸ್ಸಿನಲ್ಲಿ ಅಳಿಯ ಟವಲನ್ನು ಚೀಲದ ಹೊರಗೆ ತೂಗುಹಾಕಿದ್ದ. ಅವನ ಪಕ್ಕದ ಸೀಟಿಗೆ ಉಪ್ಪಿನಂಗಡಿ ದಾಟಿದರೂ ಯಾರೂ ಬಂದು ಕೂರಲಿಲ್ಲ.

ನನ್ನ ಬೈರಾಸು ಆ ಎರಡು ದಿನ ಏನೇನು ಮಾಡಿತೆಂದು ಹೇಳುತ್ತೇನೆ. ಬೆಟ್ಟದ ದಾರಿಯಲ್ಲಿ ಗಿರಿಗದ್ದೆ ದಾಟಿದ ಮೇಲೆ ಮರಗಳಿಲ್ಲ, ಬರೀ ಹುಲ್ಲು, ನೆತ್ತಿಯ ಮೇಲೆ ಬಿಸಿಲು. ಬೈರಾಸು ಮುಂಡಾಸಾಯಿತು. ಕಲ್ಲುಮಂಟಪದ ನೀರಿನಲ್ಲಿ ಅದ್ದಿ ಕತ್ತಿಗೆ ಸುತ್ತಿಕೊಂಡೆ. ಹತ್ತಿ ನಿಧಾನವಾಗಿ ಒಣಗುತ್ತದೆ ಎಂಬ ದೂರು ಅಲ್ಲಿ ವರವಾಯಿತು, ಮುಂದಿನ ಏರು ಮುಗಿಯುವವರೆಗೂ ತಂಪು. ಉಂಬಳಗಳ ಜಾಗದಲ್ಲಿ ಅದರ ಒಂದು ತುದಿಗೆ ಉಪ್ಪು ಕಟ್ಟಿ ತೇವ ಮಾಡಿಟ್ಟುಕೊಂಡೆ, ಕಾಲಿಗೆ ಹತ್ತಿದ್ದಕ್ಕೆ ಮುಟ್ಟಿಸಿದರೆ ಉದುರಿ ಬೀಳುತ್ತಿತ್ತು. ಕೂರಲು ಹಾಸಿದೆ, ಬಿಸಿ ಪಾತ್ರೆ ಹಿಡಿದೆ, ಸೌದೆ ಹೊರುವಾಗ ಸಿಂಬೆ ಮಾಡಿ ತಲೆಗಿಟ್ಟೆ, ರಾತ್ರಿ ಸುರುಳಿ ಸುತ್ತಿ ತಲೆದಿಂಬು. ಅಳಿಯನ ಬಳಿ ಇದಕ್ಕೆಲ್ಲ ಬೇರೆ ಬೇರೆ ಸಾಮಾನಿತ್ತು. ಟೋಪಿ, ಕತ್ತಿನ ಪಟ್ಟಿ, ಕೂರುವ ಹಾಳೆ, ಪಾತ್ರೆಯ ಹಿಡಿಕೆ, ಗಾಳಿ ಊದುವ ದಿಂಬು. ಒಂದೊಂದೂ ಬಲು ಹಗುರ. ಹಗುರವಾದವೆಲ್ಲ ಕೂಡಿ ಅವನ ಚೀಲ ನನ್ನದಕ್ಕಿಂತ ಭಾರ. ಇಷ್ಟಾಗಿಯೂ ಚಾರಣಿಗರಿಗೆ ಊಟ ಹಾಕುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರನ್ನು ಮತ್ತೆ ಮತ್ತೆ ಬಡಿಸಿಕೊಂಡ. ಹೊಟ್ಟೆಯಲ್ಲಿ ಹೊತ್ತದ್ದು ಚೀಲದ ಲೆಕ್ಕಕ್ಕೆ ಬರುವುದಿಲ್ಲವಂತೆ.

ಬೆಟ್ಟ ಇಳಿದ ಮೇಲೂ ತೆಳು ಟವಲಿಗೆ ಪುರುಸೊತ್ತಿಲ್ಲ. ಕಿಟಕಿಯಿಂದ ಸರ್ಕಾರಿ ಬಸ್ಸಿನೊಳಗೆ ಅದನ್ನು ಎಸೆದರೆ ಸೀಟು ನಮ್ಮದು. ಹತ್ತಿದವರು ನಿಂತೇ ಇರುತ್ತಾರೆ, ಟವಲು ಕೂತಿರುತ್ತದೆ, ಯಾರೂ ಅದನ್ನು ಎಬ್ಬಿಸುವುದಿಲ್ಲ. ಯಾವ ಕಾಯ್ದೆಯೂ ಇಲ್ಲದೆ ಇಷ್ಟು ಗೌರವ ಪಡೆದ ದಾಖಲೆ ಇನ್ನೊಂದಿಲ್ಲ. ವಿಧಾನಸೌಧದ ಕುರ್ಚಿಗಳಿಗೂ ಇದೇ ಪದ್ಧತಿ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅಲ್ಲಿ ಟವಲು ಹಾಕಿದವರ ಸಂಖ್ಯೆ ಯಾವಾಗಲೂ ಕುರ್ಚಿಗಿಂತ ಜಾಸ್ತಿ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗೆ ಹೋದರೆ ಅದರ ಇನ್ನೊಂದು ಕಸುಬು ಕಾಣಸಿಗುತ್ತದೆ. ಕೊಳ್ಳುವವನೂ ಮಾರುವವನೂ ಟವಲಿನ ಮರೆಯಲ್ಲಿ ಕೈ ಸೇರಿಸಿ, ಬೆರಳು ಒತ್ತಿ ಎತ್ತಿನ ಬೆಲೆ ಕುದುರಿಸುತ್ತಾರೆ. ಸುತ್ತ ನಿಂತ ಹತ್ತು ಜನಕ್ಕೂ ಸುಳಿವು ಸಿಗದು. ಇಷ್ಟೆಲ್ಲ ಮಾಡಿದ ಅದೇ ಬಟ್ಟೆ ಒಂದು ಕಾಲದಲ್ಲಿ ಊರ ಯಜಮಾನ ಎದುರಾದರೆ ಬಡವನ ಹೆಗಲಿನಿಂದ ಕಂಕುಳಿಗೆ ಇಳಿಯಬೇಕಿತ್ತು. ರೈತ ಸಂಘದವರು ಹಸಿರು ಶಾಲನ್ನು ಗಾಳಿಯಲ್ಲಿ ತಿರುಗಿಸುವುದನ್ನು ಕಂಡಾಗಲೆಲ್ಲ ಅದು ಹೆಗಲಿಗೆ ಮರಳಿದ್ದು ನೆನೆದು ನನಗೆ ಖುಷಿ.

ಇಂಗ್ಲಿಷಿನ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್ 1979ರ ತನ್ನ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಕಾದಂಬರಿಯಲ್ಲಿ ಬಾಹ್ಯಾಕಾಶ ಸುತ್ತುವವನಿಗೆ ಟವಲಿನಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ ಎಂದು ಸಾರಿದ. ಅವನು ತೀರಿಕೊಂಡ 2001ರಿಂದ ಅಭಿಮಾನಿಗಳು ಮೇ 25ರಂದು ಟವಲು ದಿನ ಆಚರಿಸುತ್ತ, ಇಡೀ ದಿನ ಟವಲು ಹೊತ್ತು ತಿರುಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದು ವರ್ಷದ 365 ದಿನದ ಹಬ್ಬ. ಆಚರಿಸುವವರಿಗೆ ಗೊತ್ತಿಲ್ಲ ಅಷ್ಟೆ.

ನಾರುಗಳ ಪೈಕಿ ಹತ್ತಿಯೊಂದೇ ಒಳ್ಳೆಯದೆಂದು ನಾನು ಹಟ ಹಿಡಿಯುವುದಿಲ್ಲ. ಅಗಸೆಯ ನಾರಿನ ಲಿನನ್ ಟವಲು ನೀರನ್ನು ಚೆನ್ನಾಗಿ ಹೀರಿ ಬೇಗ ಒಣಗುತ್ತದೆ. ನಾರಿಗಾಗಿ ಅಗಸೆ ಬೆಳೆಯುವ ಯುರೋಪಿನವರಿಗೆ ಅದು ಸರಿ. ಉತ್ತರ ಕರ್ನಾಟಕದ ಅಗಸೆ ಬೀಜದ್ದು, ಚಟ್ನಿಪುಡಿಯಾಗಿ ರೊಟ್ಟಿಯ ಪಕ್ಕ ಕೂರುವುದೇ ಅದಕ್ಕೆ ಶೋಭೆ. ಬಿದಿರಿನ ಟವಲು ಎಂದು ಎಲೆಯ ಚಿತ್ರ ಅಚ್ಚುಹಾಕಿ ಮಾರುವುದು ಬಹುಪಾಲು ರೇಯಾನು. ಬಿದಿರನ್ನು ರಾಸಾಯನಿಕಗಳಲ್ಲಿ ಕರಗಿಸಿ ಮತ್ತೆ ಎಳೆ ತೆಗೆದದ್ದು. ರೇಯಾನು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಹತ್ತಿಗೆ ಒದ್ದೆಯಾದಾಗಲೇ ಬಲ ಹೆಚ್ಚು. ಒಗೆಯುವ ಕಲ್ಲಿರುವ ಮನೆಯವರು ಯಾವುದನ್ನು ಆರಿಸಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೈರಾಸು ಸಾಯುವುದಿಲ್ಲ, ಅದಕ್ಕೆ ವರ್ಗಾವಣೆ ಆಗುತ್ತದೆ. ಮೊದಲು ಸ್ನಾನದ ಕೋಣೆಯಲ್ಲಿ ಸೇವೆ. ಅಂಚು ಪಿಸಿದ ಮೇಲೆ ತಲೆಗೆ ಎಣ್ಣೆ ಹಚ್ಚುವ ದಿನದ ಡ್ಯೂಟಿ. ಅಲ್ಲಿಂದ ಅಡುಗೆಮನೆಗೆ ಮಸಿಬಟ್ಟೆಯಾಗಿ, ಕೊನೆಗೆ ನೆಲಕ್ಕೆ ಅಥವಾ ಸ್ಕೂಟರಿಗೆ. ನನ್ನ ಒಂದು ಬೈರಾಸು ಇನ್ನೂ ಮೊದಲ ಹಂತದಲ್ಲೇ ಇದೆ ಎಂದು ನಾನು, ಅದು ಯಾವತ್ತೋ ಮೂರನೆಯದಕ್ಕೆ ಸೇರಬೇಕಿತ್ತು ಎಂದು ನನ್ನ ಹೆಂಡತಿ. ಈ ಕಡತ ಬಾಕಿ ಇದೆ.

ಕೊಳ್ಳುವವರಿಗೆ ನಾಲ್ಕು ಮಾತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೆಂದೇ ಕಾದಿರಿಸಿದ ಹನ್ನೊಂದು ಬಗೆಯ ಬಟ್ಟೆಗಳಲ್ಲಿ ಟವಲು, ಗಮ್ಛಾ, ಅಂಗವಸ್ತ್ರಗಳೂ ಇವೆ. ಆದರೆ ಕಾಯ್ದೆ ಓದಲು ವಿದ್ಯುತ್ ಮಗ್ಗಗಳಿಗೆ ಬಿಡುವಿಲ್ಲ, ಪೇಟೆಯ ತುಂಬ ಅವುಗಳದ್ದೇ ಸರಕು. ಕೈಮಗ್ಗದ್ದೇ ಬೇಕಾದರೆ ನೇಕಾರರ ಸಹಕಾರ ಸಂಘದ ಮಳಿಗೆಗೋ ಖಾದಿ ಭಂಡಾರಕ್ಕೋ ಹೋಗಿ. ನೇಯ್ಗೆ ಬಿಡಿಯಾಗಿರಲಿ, ಕುಣಿಕೆ ಇಲ್ಲದಿರಲಿ, ಹೆಗಲ ಮೇಲೆ ಹಾಕಿದರೆ ಹಾಕಿದ್ದೇ ಮರೆತುಹೋಗಲಿ. ದೊಡ್ಡದೆಂದು ಹೆದರಬೇಡಿ, ಉದ್ದವಿದ್ದಷ್ಟೂ ಬೆನ್ನಿಗೂ ತಲೆಗೂ ಅನುಕೂಲ.

ತಂದ ದಿನವೇ ಸ್ನಾನಕ್ಕೆ ಒಯ್ಯಬೇಡಿ. ಮಗ್ಗದ ಗಂಜಿ ಹೋಗದ ಹೊಸ ಟವಲು ಸರ್ಕಾರಿ ಕಚೇರಿಯ ಗುಮಾಸ್ತನ ಹಾಗೆ, ನೀರನ್ನು ಇಲ್ಲಿಂದ ಅಲ್ಲಿಗೆ ದಾಟಿಸುತ್ತದೆಯೇ ಹೊರತು ತಾನು ತೆಗೆದುಕೊಳ್ಳುವುದಿಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ನಾಲ್ಕಾರು ಸಲ ಒಗೆದು ಬಿಸಿಲಿಗೆ ಹಾಕಿ, ಆಮೇಲೆ ಬಳಸಿ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರವವನ್ನು ಹತ್ತಿರ ತರಬೇಡಿ, ಅದರ ಲೇಪ ಕೂತರೆ ನೀರು ಹೀರುವ ಗುಣ ಕುಗ್ಗುತ್ತದೆ. ಕೆಂಪು ಚೌಕಳಿಯದಾದರೆ ಮೊದಲ ಒಗೆತವನ್ನು ಬೇರೆಯಾಗಿಯೇ ಮಾಡಿ. ಇಲ್ಲದಿದ್ದರೆ ಮನೆಮಂದಿಯ ಬನಿಯನ್ನುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ.