ದೀಪಗಳ ವರ್ಗಾವಣೆ

ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೆ ವರ್ಗಾವಣೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಆರ್ಡರ್ ಬರುತ್ತದೆ. ಹಳೆಯ ಕಚೇರಿಯಿಂದ ರಿಲೀವ್ ಆಗಬೇಕು, ಹೊಸ ಕಚೇರಿಗೆ ಹೋಗಿ ರಿಪೋರ್ಟ್ ಮಾಡಿಕೊಳ್ಳಬೇಕು. ನಡುವಿನ ಒಂದೆರಡು ದಿನ ಮನುಷ್ಯ ಅಲ್ಲಿಗೂ ಸಲ್ಲ, ಇಲ್ಲಿಗೂ ಸಲ್ಲ. ಈ ರಗಳೆಯೆಲ್ಲ ಮನುಷ್ಯಮಾತ್ರರಿಗೆ ಅಂದುಕೊಂಡು ನೆಮ್ಮದಿಯಾಗಿದ್ದೆ. ಈಚೆಗೆ ನಮ್ಮ ಮನೆಯ ದೀಪ, ಫ್ಯಾನು, ಗೀಜರುಗಳಿಗೆ ಸಾಮೂಹಿಕ ವರ್ಗಾವಣೆಯಾಯಿತು ನೋಡಿ, ಆಗ ಗೊತ್ತಾಯಿತು.

ನಮ್ಮದು ಮೈಸೂರಿನ ಹಳೆಯ ಬಡಾವಣೆಯ ಮನೆ. ಅದನ್ನು ‘ಸ್ಮಾರ್ಟ್’ ಮಾಡಿದ ಪುಣ್ಯ ನನ್ನದು. ಮಾಡಿದವನು ಅಷ್ಟೇನೂ ಸ್ಮಾರ್ಟ್ ಅಲ್ಲವೆಂಬುದು ಮನೆಯವರ ಸರ್ವಾನುಮತದ ಅಭಿಪ್ರಾಯ. ಟಿವಿ ಪಕ್ಕದಲ್ಲಿ ಕೂತ ಬಿಳಿ ಡಬ್ಬಿಯೊಂದು ಮನೆಯ ದೀಪಗಳಿಗೆಲ್ಲ ಹುಕುಂ ಕೊಡುತ್ತಿತ್ತು. ಒಂದು ದಿನ ಅದರ ಕಂಪನಿಯವರಿಂದ ಮೇಲ್ ಬಂತು: ಇಂಥ ತಾರೀಕಿನಿಂದ ನಮ್ಮ ಸರ್ವರ್ ನಿಲ್ಲುತ್ತದೆ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ. ಡಬ್ಬಿಗೆ ಏನೂ ಆಗಿರಲಿಲ್ಲ, ಅದರ ಹಸಿರು ದೀಪ ಎಂದಿನಂತೆ ಮಿಟುಕುತ್ತಿತ್ತು. ಬುದ್ಧಿ ಮಾತ್ರ ಪರದೇಶದಲ್ಲಿತ್ತು. ‘ನಮ್ಮನೆ ದೀಪ ಹಚ್ಚೋಕೆ ಅವರ್ಯಾರನ್ನೋ ಯಾಕೋ ಕೇಳಬೇಕು?’ ಎಂದರು ಅಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಒಂದಷ್ಟು ಟೆಕ್ನಿಕಲ್ ಮಾತಾಡಿದೆ.

ಹಾಗೆ ನೋಡಿದರೆ ದೀಪದ ಸಮಾಚಾರ ದೂರದಿಂದ ಬರುವುದು ನಮಗೆ ಹೊಸತಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಎಷ್ಟು ಹತ್ತಿರವಿದ್ದರೂ ನಮ್ಮ ಮೈಸೂರಿನ ಪಾಳಿ ಆಮೇಲೆ. ಮೈಸೂರಿಗರು ಆಗಲೂ ಅವಸರದವರಲ್ಲ. ಆದರೆ ಒಂದು ಮಾತು ನಿಜ. ಕರೆಂಟು ಎಲ್ಲಿಂದಲೇ ಬರಲಿ, ಹಚ್ಚುವ ಆರಿಸುವ ಅಧಿಕಾರ ಗೋಡೆಯ ಮೇಲಿನ ಕರಿ ಸ್ವಿಚ್ಚಿನದೇ ಆಗಿತ್ತು. ಅದಕ್ಕೆ ಕೈ ಹಾಕಿದವರಲ್ಲಿ ಮೊದಲಿಗರು ಸ್ಕಾಟ್ಲೆಂಡಿನವರು. 1975ರಲ್ಲಿ ಅಲ್ಲಿನ ಪಿಕೊ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಎಕ್ಸ್10 ಎಂಬ ಏರ್ಪಾಡು ತಯಾರಿಸಿತು. ಬೇರೆ ತಂತಿ ಬೇಡ, ಮನೆಯ ವೈರಿಂಗಿನಲ್ಲೇ ಹುಕುಂ ಹರಿಯುತ್ತದೆ. ಹದಿನಾರು ಅಕ್ಷರ, ಹದಿನಾರು ಅಂಕಿ, ಒಟ್ಟು 256 ವಿಳಾಸ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿದ್ದರೆ ಹುಕುಂ ಕೆಲವೊಮ್ಮೆ ಪಕ್ಕದ ಮನೆಗೂ ಹರಿಯುತ್ತಿತ್ತಂತೆ. ನೀವು ನಿದ್ದೆಗೆಂದು ದೀಪ ಆರಿಸಿದರೆ ಅವರ ಮನೆಯಲ್ಲಿ ಊಟದ ಹೊತ್ತಿಗೆ ಕತ್ತಲೆ!

ಎಲ್ಲಿದ್ದೆ? ಹಾಂ, ರಿಲೀವ್ ಆಗುವುದು. ಬೇರೆ ಕಂಪನಿಯ ಹೊಸ ಡಬ್ಬಿಯೊಂದನ್ನು ತಂದಿದ್ದೆ. ನಮ್ಮ ಹಳೆಯ ಬಲ್ಬುಗಳು ಜಿಗ್‌ಬೀ ಎಂಬ ವೈರ್‌ಲೆಸ್ ಭಾಷೆಯಾಡುವ ಜಾತಿಯವು. ಒಮ್ಮೆ ಒಂದು ಡಬ್ಬಿಯ ಗುಟ್ಟಿನ ಕೀಲಿ ಪಡೆದ ಬಲ್ಬು ಇನ್ನೊಂದು ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಹಳೆಯದನ್ನು ಮರೆಯಬೇಕಾದರೆ ಇಂತಿಷ್ಟು ಸಲ ತಾಳ ತಪ್ಪದೆ ಆಫ್ ಆನ್ ಮಾಡಬೇಕು. ನಾನು ಸ್ಟೂಲಿನ ಮೇಲೆ ನಿಂತು ಬಲ್ಬು ಕಣ್ಣು ಮಿಟುಕಿಸುತ್ತದೋ ಎಂದು ಕಾಯುವುದು, ಹೆಂಡತಿ ಸ್ವಿಚ್ಚಿನ ಹತ್ತಿರ ನಿಂತು ‘ಆಫ್, ಆನ್, ಆಫ್... ರೀ, ಎಷ್ಟಾಯ್ತು?’ ಎಂದು ಕೇಳುವುದು, ಲೆಕ್ಕ ತಪ್ಪಿ ಮತ್ತೆ ಮೊದಲಿಂದ. ಎದುರು ಮನೆಯವರು ಗೇಟಿನ ತನಕ ಬಂದು, ‘ಸಾರ್, ನಿಮ್ಮನೇಲೂ ವೋಲ್ಟೇಜ್ ಏರುಪೇರಾ? ಲೈನ್‌ಮನ್‌ಗೆ ಫೋನ್ ಮಾಡ್ಲಾ?’ ಎಂದು ಕೇಳಿದರು. ಬಾಗಿಲಿನ ಸೆನ್ಸರಿನದು ಇನ್ನೊಂದು ವರಸೆ. ಅದರ ಬೆನ್ನಿನಲ್ಲಿ ಸಾಸಿವೆ ಗಾತ್ರದ ತೂತು, ಅದರೊಳಗೆ ಪಿನ್ನು ಚುಚ್ಚಿ ಹಿಡಿದಿರಬೇಕು. ಅಮ್ಮ ಬಳೆಯಲ್ಲಿ ನೇತಾಡುತ್ತಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ ಕೊಟ್ಟರು. ನಮ್ಮ ಮನೆಯ ಆಧುನೀಕರಣದಲ್ಲಿ ಮೊದಲ ಪ್ರಯತ್ನಕ್ಕೇ ಕೆಲಸ ಮಾಡಿದ ಉಪಕರಣ ಅದೊಂದೇ.

ಜಿಗ್‌ಬೀಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರೆಂಟಿನಲ್ಲಿ ನಡೆಯುವ ಸಾಧನಗಳು ತಮಗೆ ಬಂದ ಹುಕುಮನ್ನು ಮುಂದಿನವಕ್ಕೂ ದಾಟಿಸುತ್ತವೆ. ಬ್ಯಾಟರಿಯವು ದಾಟಿಸುವುದಿಲ್ಲ, ಬಹುಪಾಲು ಹೊತ್ತು ನಿದ್ದೆಯಲ್ಲೇ ಇರುತ್ತವೆ. ಹಾಗಾಗಿ ಪ್ಯಾಸೇಜಿನ ಬಲ್ಬು ರಿಲೀವ್ ಆದ ಗಳಿಗೆಯಲ್ಲೇ ಹಿತ್ತಿಲ ಬಚ್ಚಲಿನ ಗೀಜರು ಮೂಕವಾಯಿತು. ಅದಕ್ಕೆ ಹುಕುಂ ಹೋಗುತ್ತಿದ್ದದ್ದು ಆ ಬಲ್ಬಿನ ಮೂಲಕವೇ. ನಾನು ಫೋನಿನಲ್ಲಿ ಗೀಜರನ್ನು ಹುಡುಕುತ್ತಿರುವಾಗ ಅಮ್ಮ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗಿ, ಅದರ ಮೈಮೇಲಿನ ಗುಂಡಿ ಒತ್ತಿ, ಬಿಸಿನೀರಿನ ಸ್ನಾನ ಮುಗಿಸಿ, ದೇವರ ದೀಪವನ್ನೂ ಹಚ್ಚಿದ್ದರು.

ಹೊಸ ಡಬ್ಬಿಗೆ ಜಿಗ್‌ಬೀಯೂ ಗೊತ್ತು, ಮ್ಯಾಟರ್ ಕೂಡ ಗೊತ್ತು. ಮ್ಯಾಟರ್ ಎಂದರೆ ದೊಡ್ಡ ದೊಡ್ಡ ಕಂಪನಿಗಳು ಜಗಳ ಬಿಟ್ಟು ಕೂತು ಒಪ್ಪಿಕೊಂಡ ಸಮಾನ ನಿಯಮ. ಅದರ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ. ಆ ಮೊದಲ ಪಟ್ಟಿಯಲ್ಲೇ ಥರ್ಮೋಸ್ಟಾಟಿಗೆ ಜಾಗ ಸಿಕ್ಕಿತ್ತು. ಫ್ಯಾನು ಪಟ್ಟಿಗೆ ಏರಿದ್ದು ಮರುವರ್ಷದ ಅಕ್ಟೋಬರಿನಲ್ಲಿ. ಪಟ್ಟಿ ಬರೆದವರು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಕಡೆ ಬಂದವರಲ್ಲ ಎನ್ನುವುದು ಸ್ಪಷ್ಟ. ಮ್ಯಾಟರಿನ ಒಂದು ಗುಣ ಮಾತ್ರ ಮೆಚ್ಚಬೇಕಾದ್ದು. ಒಂದೇ ಸ್ವಿಚ್ಚು ಏಕಕಾಲಕ್ಕೆ ಎರಡು ಮೂರು ಕಂಪನಿಗಳ ಡಬ್ಬಿಗೆ ಸೇರಿರಬಹುದು, ಹೆಚ್ಚುವರಿ ಪ್ರಭಾರ ಎನ್ನುತ್ತಾರಲ್ಲ, ಅದು. ಸೇರಿಸಲು ಹನ್ನೊಂದು ಅಂಕಿಗಳ ಒಂದು ಸಂಖ್ಯೆ ಬೇಕು. ಆ ಸಂಖ್ಯೆ ಸ್ವಿಚ್ಚಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಸ್ವಿಚ್ಚಿನ ಬೆನ್ನು ಗೋಡೆಯೊಳಗಿರುತ್ತದೆ.

ಹಾಗಾಗಿ ಎಲೆಕ್ಟ್ರಿಷಿಯನ್ ಹುಡುಗ ಬಂದ. ಬೋರ್ಡು ಬಿಚ್ಚಿ, ಟೆಸ್ಟರ್ ಇಟ್ಟು ನೋಡಿ, ‘ಸಾರ್, ಇದ್ರಲ್ಲಿ ನ್ಯೂಟ್ರಲ್ಲೇ ಇಲ್ಲ’ ಎಂದ. ಪ್ಲಗ್ ಪಾಯಿಂಟ್ ಇಲ್ಲದ ಹಳೆಯ ಬೋರ್ಡುಗಳ ಕತೆಯೇ ಇದು. ಸ್ವಿಚ್ಚಿಗೆ ಫೇಸ್ ಮಾತ್ರ ಬರುತ್ತದೆ, ನ್ಯೂಟ್ರಲ್ ನೇರವಾಗಿ ದೀಪಕ್ಕೆ ಹೋಗಿಬಿಡುತ್ತದೆ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚೂ ಸಿಗುತ್ತದೆ. ಅದು ತಾನು ಎಚ್ಚರವಾಗಿರಲು ಬೇಕಾದ ಚೂರು ಕರೆಂಟನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತದೆ. ಹಿಂದಿನ ಬುರುಡೆ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಲ್‌ಇಡಿ ಬಲ್ಬಿಗೆ ಅಷ್ಟು ಸಾಕು, ಆಫ್ ಮಾಡಿದ ಮೇಲೂ ರಾತ್ರಿಯಿಡೀ ಮಿಣಮಿಣ ಎನ್ನುತ್ತದೆ. ಹುಡುಗ ಬಲ್ಬಿನ ಪಕ್ಕಕ್ಕೆ ಒಂದು ಪುಟ್ಟ ಕೆಪಾಸಿಟರ್ ಕೂರಿಸಿದ, ಮಿಣಮಿಣ ನಿಂತಿತು. ‘ಗೋಡೆ ಒಡೆದು ಹೊಸ ವೈರ್ ಎಳೆಯೋಣ್ವಾ ಸಾರ್?’ ಎಂದೂ ಕೇಳಿದ. ಹೆಂಡತಿ ನನ್ನ ಮುಖ ನೋಡಿದಳು. ನಾನು ಬೇಡವೆಂದೆ.

ಇಷ್ಟಾಗಿ ಎಲ್ಲರೂ ಹೊಸ ಜಾಗದಲ್ಲಿ ರಿಪೋರ್ಟ್ ಮಾಡಿಕೊಂಡರು. ಆದರೆ ಸರ್ವಿಸ್ ರಿಜಿಸ್ಟರ್ ಬರಲಿಲ್ಲ. ಯಾವ ದೀಪ ಎಷ್ಟು ಗಂಟೆಗೆ ಹತ್ತಬೇಕು, ಯಾವುದು ಆರಬೇಕು ಎಂಬ ನಿಯಮಗಳೆಲ್ಲ ಹಳೆಯ ಡಬ್ಬಿಯಲ್ಲೇ ಉಳಿದವು. ಎರಡು ಕಂಪನಿಗಳ ನಡುವೆ ಅವನ್ನು ದಾಟಿಸುವ ದಾರಿಯೇ ಇಲ್ಲ. ಸರ್ವರ್ ನಿಲ್ಲುವ ಮುಂಚೆ ಕೂತು ಒಂದೊಂದನ್ನೇ ಓದಿ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಓದುತ್ತಾ ಹೋದರೆ ಅದು ದೀಪಗಳ ಪಟ್ಟಿಯೇ ಅಲ್ಲ. ಬೆಳಿಗ್ಗೆ ಐದಕ್ಕೆ ಮಗಳ ಕೋಣೆಯ ಟೇಬಲ್ ಲೈಟು ಹತ್ತಬೇಕು: ಪಿಯುಸಿ ಪರೀಕ್ಷೆಯ ಕಾಲದ್ದು. ಅವಳೀಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ಖಾಲಿ ಕೋಣೆಯಲ್ಲಿ ದೀಪ ಮಾತ್ರ ಈಗಲೂ ಐದಕ್ಕೇ ಎದ್ದು ಓದಲು ಕೂರುತ್ತಿತ್ತು. ಬುಧವಾರ ರಾತ್ರಿ ಹನ್ನೊಂದೂ ಹತ್ತಕ್ಕೆ ಅಡುಗೆಮನೆಯ ಲೈಟು ಐದು ನಿಮಿಷ: ಇದು ಯಾರಿಗೂ ನೆನಪಿಲ್ಲ. ಒಬ್ಬರ ಮೇಲೊಬ್ಬರು ಹಾಕಿದೆವು. ಕೊನೆಗೆ ಹೆಂಡತಿಗೇ ಹೊಳೆಯಿತು. ಒಂದು ಬೇಸಗೆಯಲ್ಲಿ ನಮ್ಮ ಬೀದಿಗೆ ವಾರಕ್ಕೊಮ್ಮೆ, ಅದೂ ಬುಧವಾರ ನಡುರಾತ್ರಿ, ನೀರು ಬಿಡುತ್ತಿದ್ದರು. ಎದ್ದು ಸಂಪಿನ ಮುಚ್ಚಳ ತೆಗೆಯಲು ಅದು ಗುರುತು. ನೀರು ದಿನ ಬಿಟ್ಟು ದಿನ ಬರತೊಡಗಿ ಎಷ್ಟೋ ಕಾಲವಾಯಿತು. ನಾವು ಮರೆತ ಆ ಬರಗಾಲವನ್ನು ಡಬ್ಬಿ ಮಾತ್ರ ಪ್ರತಿ ಬುಧವಾರ ಪಾಲಿಸಿಕೊಂಡು ಬಂದಿತ್ತು.

ಹೊಸ ಡಬ್ಬಿಗೆ ನಮ್ಮ ಪರಿಚಯವಿಲ್ಲ. ಅದಕ್ಕೆ ನಿಯಮ ಹೇಳಿಕೊಡಲು ಹೊರಟರೆ, ನಾವು ಈಗ ಎಷ್ಟು ಹೊತ್ತಿಗೆ ಏಳುತ್ತೇವೆ, ಎಲ್ಲಿ ಕೂರುತ್ತೇವೆ, ಯಾರಿಗೆ ಯಾವ ಬೆಳಕು ಬೇಕು ಎಂದು ಮನೆಮಂದಿಯನ್ನೆಲ್ಲ ಕೇಳಬೇಕಾಯಿತು. ಒಂದೇ ಸೂರಿನಡಿ ಇದ್ದೂ ಎಷ್ಟೋ ವರ್ಷದಿಂದ ಕೇಳದ ಪ್ರಶ್ನೆಗಳು. ಹಳೆಯ ನಿಯಮಗಳಲ್ಲಿ ಅರ್ಧಕ್ಕರ್ಧ ಬಿದ್ದುಹೋದವು. ಅಮ್ಮ, ‘ಬಚ್ಚಲ ದಾರಿಯ ದೀಪ ಬೆಳಗಿನ ತನಕ ಇರಲಿ, ಉಳಿದದ್ದು ಏನಾದರೂ ಮಾಡ್ಕೊ’ ಎಂದರು. ಹೆಂಡತಿ, ‘ನಾನು ಅಡುಗೆಮನೆಯಲ್ಲಿರುವಾಗ ನಾನೇ ಆರಿಸುವ ತನಕ ಯಾವುದೂ ಆರಬಾರದು’ ಎಂದಳು. ಐದು ಗಂಟೆಯ ಟೇಬಲ್ ಲೈಟಿನ ವಿಷಯ ಕೇಳಿ ಮಗಳು ಫೋನಿನಲ್ಲಿ ನಕ್ಕು, ತನ್ನ ಹೊಸ ನಿಯಮವನ್ನು ತಾನೇ ಬರೆಸಿದಳು: ‘ಅಪ್ಪಾ, ನಾನು ರಜೆಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆ ತನಕ ನನ್ನ ರೂಮಲ್ಲಿ ಯಾವ ಲೈಟೂ ಹತ್ತಕೂಡದು. ಅಜ್ಜಿ ಬಂದು ಹಾಕಿದ್ರೂ ಅಷ್ಟೇ.’ ಮೊದಲ ಭಾಗವನ್ನು ಡಬ್ಬಿಗೆ ಕಲಿಸಿದ್ದೇನೆ. ಎರಡನೆಯದಕ್ಕೆ ಬೇಕಾದ ತಂತ್ರಜ್ಞಾನ ಇನ್ನೂ ಬಂದಿಲ್ಲ.