ಪರದೇಶದಲ್ಲಿ ಸುಮ್ಮನಿರುವಿಕೆ: ಒಂದು ಬಹುಶಿಸ್ತೀಯ ಅನುಸಂಧಾನ

1.1 ಪೀಠಿಕೆ

ವಸಾಹತೋತ್ತರ, ಆಧುನಿಕೋತ್ತರ ಹಾಗೂ ಭೋಜನೋತ್ತರ ಸಂದರ್ಭದಲ್ಲಿ ‘ಸುಮ್ಮನಿರುವಿಕೆ’ ಎಂಬ ಪರಿಕಲ್ಪನೆಯು ಪಡೆದುಕೊಳ್ಳುವ ಬಹುಮುಖಿ ಆಯಾಮಗಳನ್ನು, ಅವುಗಳ ತಾತ್ವಿಕ ನೆಲೆ ನಿಲುವುಗಳ ಅಂತರ್‌ಸಂಬಂಧದಲ್ಲಿಟ್ಟು, ದೇಸಿ ಪರಿಪ್ರೇಕ್ಷ್ಯದೊಂದಿಗೆ ಮುಖಾಮುಖಿಯಾಗಿಸುವುದೇ ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ವಾಕ್ಯ ಅರ್ಥವಾಗದವರು ಗಾಬರಿಪಡಬೇಕಾಗಿಲ್ಲ. ಅರ್ಥವಾಗುವಂತೆ ಬರೆದರೆ ಅಂಕ ಬರುವುದಿಲ್ಲ. 2010ರ ಯುಜಿಸಿ ನಿಯಮಾವಳಿ ಎಪಿಐ ಎಂಬ ಅಂಕದ ಲೆಕ್ಕ ತಂದ ಮೇಲೆ ನಮ್ಮ ವಿಚಾರ ಸಂಕಿರಣಗಳಲ್ಲಿ ಊಟದ ಸಾಲಿಗಿಂತ ಪ್ರಬಂಧ ಮಂಡಿಸುವವರ ಸಾಲು ಉದ್ದವಾಯಿತು. ಕನ್ನಡ ಮೇಷ್ಟ್ರಗಿತ್ತಿಯಾಗಿ ನಾನು ಆ ಸಾಲಿನ ಎದುರಿನ ಕುರ್ಚಿಗಳಲ್ಲಿ ಬಹಳ ಕಾಲ ಕೂತಿದ್ದೇನೆ. ಒಬ್ಬ ವಿದ್ವಾಂಸರು ರಾಗಿಮುದ್ದೆಯನ್ನು ‘ದೇಸಿ ಅನನ್ಯತೆಯ ಗೋಳಾಕಾರದ ಚಹರೆ’ ಎಂದು ಇಡೀ ಬೆಳಗ್ಗೆ ವಿವರಿಸಿ, ಮಧ್ಯಾಹ್ನ ಅದೇ ಮುದ್ದೆ ಎಲೆಗೆ ಬಂದಾಗ ‘ಚಪಾತಿ ಇದೆಯಾ?’ ಎಂದು ಕೇಳಿದರು. ಈ ಪ್ರಬಂಧ ಅವರಿಗೆ ಸಲ್ಲುವ ಗುರುಕಾಣಿಕೆ.

1.2 ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಬಾಣಂತಿ ಮಗಳ ಮನೆ. ಮಿತಿ: ಆ ಮನೆಯ ಅಡುಗೆಕೋಣೆ.

ಸಂಶೋಧಕಿಗೂ ಒಂದು ‘ನೆಲೆ’ ಇರಬೇಕೆಂದು ಈಗಿನ ವಿಧಾನಶಾಸ್ತ್ರ ಬಯಸುತ್ತದೆ. ನನ್ನದು ತುಮಕೂರು ರಸ್ತೆಯ ಮಾಕಳಿ. ಕೇಳಿದವರಿಗೆ ಬೆಂಗಳೂರು ಎಂದರೆ ಬೆಂಗಳೂರಿನವರು ನಗುತ್ತಾರೆ, ನೆಲಮಂಗಲ ಎಂದರೆ ನೆಲಮಂಗಲದವರು ಒಪ್ಪುವುದಿಲ್ಲ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದು, ದೂರದಿಂದ ನಮ್ಮನ್ನೊಮ್ಮೆ ನೋಡಿ, ಅಲ್ಲೇ ನಿಂತುಕೊಂಡಿತು. ರಾತ್ರಿಯಿಡೀ ಹೆದ್ದಾರಿಯ ಲಾರಿ ಸದ್ದಿನಲ್ಲಿ ಮಲಗಿ ರೂಢಿಯಾದವಳಿಗೆ ಫ್ರೀಮಾಂಟ್‌ನ ನಿಶ್ಶಬ್ದದಲ್ಲಿ ನಿದ್ದೆ ಹತ್ತಲಿಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸಲಾಗಿದೆ.

1.3 ಶಾಸನಾಧಾರ

ರೈಸ್ ಸಾಹೇಬರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ಹೊರತಂದಾಗ ಅವರಿಗೆ ದೊರೆಯದೇ ಹೋದ ಒಂದು ಲೇಖ ಸಹಸಂಶೋಧಕರ (ವಿವಾಹದ ಮೂಲಕ ನೇಮಕಗೊಂಡವರು) ಔಷಧಿ ಡಬ್ಬಿಯಲ್ಲಿ ಪತ್ತೆಯಾಯಿತು. ಲಿವ್.52 ಬಾಟಲಿಯ ಮೈಮೇಲೆ ಸಣ್ಣ ಅಕ್ಷರದಲ್ಲಿ ಮಾಕಳಿ, ಬೆಂಗಳೂರು ಎಂದು ಅಚ್ಚಾಗಿದೆ. 1930ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ಹಿಮಾಲಯ ಕಂಪನಿ ಆಮೇಲೆ ನಮ್ಮೂರಿಗೆ ಬಂದು ನೆಲೆಸಿತು. ಈ ಮಾತ್ರೆ ಹುಟ್ಟಿದ್ದು 1955ರಲ್ಲಿ. ಲೇಖದ ಲಿಪಿ ರೋಮನ್, ಕಾಲ ಎಕ್ಸ್‌ಪೈರಿ ಡೇಟಿನವರೆಗೆ. ಕವಿಗಳಾಗಲೀ ಅರಸರಾಗಲೀ ಮಾಡದ ಕೆಲಸವನ್ನು, ಅಂದರೆ ಮಾಕಳಿಯ ಹೆಸರನ್ನು ಲೋಕದ ಮನೆಮನೆಗೆ ಮುಟ್ಟಿಸುವ ಕೆಲಸವನ್ನು, ಪಿತ್ತಜನಕಾಂಗ ಮಾಡಿದೆ.

1.4 ಪೂರ್ವಸೂರಿಗಳು

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೊರೂರರ ಬಗ್ಗೆ ತಕರಾರಿಲ್ಲ, ಅವರದು ಓದುವ ಪುಸ್ತಕ. ತೊಂದರೆ ಶುರುವಾದದ್ದು ಆಮೇಲೆ. ಮಕ್ಕಳ ಮನೆಗೆ ಹೋಗಿಬಂದ ನಿವೃತ್ತರೆಲ್ಲ ಒಂದೊಂದು ಪ್ರವಾಸ ಕಥನ ಬರೆದರು. ಪ್ರತಿ ಪುಸ್ತಕದಲ್ಲೂ ನಯಾಗರ ಅಷ್ಟೇ ಎತ್ತರದಿಂದ ಬೀಳುತ್ತದೆ, ರಸ್ತೆಗಳು ಅಷ್ಟೇ ಸ್ವಚ್ಛವಾಗಿರುತ್ತವೆ, ಪರಿಚಯವಿಲ್ಲದ ಬಿಳಿಯನೊಬ್ಬ ‘ಗುಡ್ ಮಾರ್ನಿಂಗ್’ ಹೇಳಿ ಲೇಖಕರನ್ನು ಒಂದು ಅಧ್ಯಾಯಪೂರ್ತಿ ಚಿಂತನೆಗೆ ಹಚ್ಚುತ್ತಾನೆ. ಇಂಥ ಕೃತಿಗಳಲ್ಲಿ ಲೇಖಕರ ಪತ್ನಿ ಎರಡು ಕಡೆ ಕಾಣಿಸಿಕೊಳ್ಳುತ್ತಾರೆ: ಅರ್ಪಣೆಯ ಪುಟದಲ್ಲಿ, ಮತ್ತು ಗ್ರ್ಯಾಂಡ್ ಕ್ಯಾನಿಯನ್ ಎದುರಿನ ಫೋಟೊದಲ್ಲಿ. ಆ ಫೋಟೊದ ದಿನ ಬೆಳಗಿನ ಜಾವ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿದವರು ಯಾರೆಂಬ ಬಗ್ಗೆ ಪೂರ್ವಸೂರಿಗಳಲ್ಲಿ ಮೌನವಿದೆ.

2.1 ವರ್ಗೀಕರಣ

ಪರದೇಶದಲ್ಲಿ ದೀರ್ಘಕಾಲ ತಂಗಿದ ಕುಟುಂಬಗಳ ವಿಶ್ರಾಂತಿಯನ್ನು ಸ್ಥೂಲವಾಗಿ ಏಳು ಬಗೆಯಾಗಿ ವಿಂಗಡಿಸಬಹುದು.

2.1.1 ಘೋಷಿತ ವಿಶ್ರಾಂತಿ. ಕ್ಯಾಲೆಂಡರಿನಲ್ಲಿ ನಾವು ಬಂದಿಳಿದ ಮರುದಿನದ ಚೌಕಕ್ಕೆ ಅಳಿಯಂದಿರು ನೀಲಿ ಬಣ್ಣ ತುಂಬಿ ‘ರಿಕವರಿ ಡೇ’ ಎಂದು ನಮೂದಿಸಿದ್ದರು. ಅದರೊಳಗೆ ಉಪವಿಭಾಗಗಳು: ಬ್ರಂಚ್, ಲೈಟ್ ವಾಕ್, ಡೌನ್‌ಟೈಮ್, ಫ್ಯಾಮಿಲಿ ಟೈಮ್. ಸುಮ್ಮನಿರುವುದಕ್ಕೂ ಜ್ಞಾಪನೆಯ ಗಂಟೆ ಹೊಡೆಯುತ್ತಿತ್ತು. ಈ ಬಗೆಯ ವಿಶ್ರಾಂತಿ ಯೊಸೆಮಿಟಿಯಂಥ ದೂರದ ಪ್ರವಾಸಗಳ ಮರುದಿನವೂ ಪುನರಾವರ್ತನೆಗೊಳ್ಳುತ್ತದೆ.

2.1.2 ಸೋಫಾಧಿಷ್ಠಿತ ವಿಶ್ರಾಂತಿ. ‘ಜೆಟ್ ಲ್ಯಾಗ್ ಕಣೇ’ ಎಂಬ ಬೀಜಮಂತ್ರದಿಂದ ಆರಂಭವಾಗುತ್ತದೆ. ಸಹಸಂಶೋಧಕರು ಇದರಲ್ಲಿ ಆಳವಾದ ಕ್ಷೇತ್ರಕಾರ್ಯ ನಡೆಸಿದ್ದಾರೆ. ಕಾಫಿಯ ವಾಸನೆ ಬಂದಾಗ ಮಾತ್ರ ಅಲ್ಪಕಾಲ ಭಂಗವಾಗುತ್ತದೆ.

2.1.3 ಆರೋಪಿತ ವಿಶ್ರಾಂತಿ. ಒಬ್ಬರು ವಿಶ್ರಾಂತಿಯಲ್ಲಿದ್ದಾರೆಂದು ಉಳಿದವರೆಲ್ಲ ನಂಬಿರುವ ಸ್ಥಿತಿ. ಇದರ ಸೂತ್ರವಾಕ್ಯ: ‘ಅಮ್ಮಾ, ನೀನು ಇವತ್ತು ಫುಲ್ ರೆಸ್ಟ್ ತಗೋ, ಒಂದು ಸಾರು ಇಟ್ಟುಬಿಟ್ಟು.’

2.1.4 ಎಂದು ಬರೆಯುವಷ್ಟರಲ್ಲಿ ಮಗು ಎದ್ದಿತು. ಉಳಿದ ಬಗೆಗಳಲ್ಲಿ ಅದಕ್ಕೆ ಆಸಕ್ತಿ ಇರಲಿಲ್ಲ. ಈಗ ನನಗೂ ಇಲ್ಲ.

3. ವೈಜ್ಞಾನಿಕ ಭಿತ್ತಿ

ಹಣ್ಣಿನ ನೊಣದ ದೇಹದೊಳಗೆ ಗಡಿಯಾರ ಹೇಗೆ ಓಡುತ್ತದೆಂದು ಕಂಡುಹಿಡಿದದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ನೊಣಕ್ಕಿರುವ ಗಡಿಯಾರ ಅಜ್ಜಿಗೂ ಇದೆ. ಹೊಸ ಊರಿನ ಹಗಲು ರಾತ್ರಿಗೆ ಅದು ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾಕಳಿಗೂ ಫ್ರೀಮಾಂಟ್‌ಗೂ ಹನ್ನೆರಡೂವರೆ ಗಂಟೆ ಅಂತರ. ಒಂದೇ ಒಂದು ನೀಲಿ ಚೌಕದಲ್ಲಿ ಸರಿಹೋಗುವ ಬಾಬತ್ತಲ್ಲ ಅದು, ವಾರ ದಾಟಬೇಕು.

ಇನ್ನೊಂದು ಸಂಗತಿ. ಹುಟ್ಟಿದ ಮಗುವಿಗೆ ಮೊದಲ ಎರಡು ಮೂರು ತಿಂಗಳು ಹಗಲು ರಾತ್ರಿಯ ಲೆಕ್ಕವೇ ಇರುವುದಿಲ್ಲ. ಹೀಗಾಗಿ ಆ ಮನೆಯಲ್ಲಿ ಗಡಿಯಾರ ಕೆಟ್ಟವರು ಇಬ್ಬರು, ಅದು ಮತ್ತು ನಾನು. ರಾತ್ರಿ ಮೂರು ಗಂಟೆಗೆ ಇಬ್ಬರೂ ಕಣ್ಣು ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಇದನ್ನು ಮನೆಯವರು ಗಮನಿಸಿದರು. ‘ಹೇಗಿದ್ದರೂ ನಿಮಗೆ ನಿದ್ದೆ ಬರಲ್ವಲ್ಲ’ ಎಂದರು. ಆ ಒಂದು ಮಾತಿನಿಂದ ರಾತ್ರಿಪಾಳಿ ನನ್ನದಾಯಿತು. ನನ್ನ ಗಡಿಯಾರ ಕ್ಯಾಲಿಫೋರ್ನಿಯಾಕ್ಕೆ ಹೊಂದಿಕೊಂಡ ಮೇಲೂ, ನಿದ್ದೆ ಎಳೆದೆಳೆದು ಬರತೊಡಗಿದ ಮೇಲೂ, ಪಾಳಿ ಬದಲಾಗಲಿಲ್ಲ. ಹಗಲು ಬಾಣಂತಿಯ ಎಣ್ಣೆನೀರು, ಮೆಂತ್ಯದ ಗಂಜಿ, ಮಗುವಿನ ಬಟ್ಟೆ. ಸಾಂಬ್ರಾಣಿ ಹೊಗೆ ಹಾಕಿದರೆ ಚಾವಣಿಯ ಅಲಾರಂ ಕೂಗಿಕೊಳ್ಳುತ್ತದೆಂದು ಅದೊಂದು ಕೆಲಸ ಉಳಿಯಿತು.

ಇಲ್ಲಿ ‘ಸ್ತ್ರೀ ಶ್ರಮದ ಅದೃಶ್ಯೀಕರಣ’ ಎಂಬ ಪರಿಕಲ್ಪನೆಯನ್ನು ಅನ್ವಯಿಸಬೇಕು. ಅನ್ವಯಿಸಲು ನನಗೆ ಇಷ್ಟವಿಲ್ಲ. ಆ ಪದಪುಂಜವನ್ನು ನಾನು ಮೊದಲು ಕೇಳಿದ್ದು ಒಂದು ಸಂಕಿರಣದ ‘ಮಹಿಳಾ ಸಂಕಥನ’ ಗೋಷ್ಠಿಯಲ್ಲಿ. ಮಂಡಿಸಿದವರು ಗಂಡಸರು, ಅಧ್ಯಕ್ಷತೆ ಗಂಡಸರದು. ನಡುವೆ ಕಾಲೇಜಿನ ಆಯಾ ಟೀ ತಂದಿಟ್ಟಳು. ಮಾತಾಡುತ್ತಿದ್ದವರು ಅದೃಶ್ಯೀಕರಣದ ಮಧ್ಯದಲ್ಲೇ ಕೈ ಚಾಚಿ ಲೋಟ ತೆಗೆದುಕೊಂಡರು, ಆಕೆಯ ಕಡೆ ತಿರುಗಲಿಲ್ಲ. ಹೆಸರಿಟ್ಟ ಮೇಲೆ ನೋಡುವ ಅಗತ್ಯವೇನಿದೆ? ಈ ಭಾಷೆಯ ಮೇಲೆ ನನಗಿರುವ ಸಿಟ್ಟು ಅದು ಕಷ್ಟವಾಗಿದೆ ಎಂದಲ್ಲ. ಕಣ್ಣೆದುರಿನ ಹೆಂಗಸನ್ನು ಅದು ಗೋಷ್ಠಿಯ ವಿಷಯ ಮಾಡಿ, ಲೋಟ ತೊಳೆಯಲು ವಾಪಸು ಕಳಿಸುತ್ತದೆ. ಅಳಿಯಂದಿರ ನೀಲಿ ಚೌಕ ಮಾಡಿದ್ದೂ ಅದನ್ನೇ. ‘ರಿಕವರಿ ಡೇ’ ಎಂದು ಬರೆದಾಯಿತು. ಯಾರ ರಿಕವರಿ ಎಂದು ಯಾರೂ ಕೇಳಲಿಲ್ಲ.

ಮಗಳನ್ನು ದೂರುತ್ತಿಲ್ಲ. ಅವಳ ಮೈ ಇನ್ನೂ ಹಸಿ. ಅಮೆರಿಕದ 1993ರ ಕಾನೂನು ಹೆರಿಗೆಗೆ ಕೊಡುವುದು ಹನ್ನೆರಡು ವಾರದ ರಜೆ, ಅದೂ ಸಂಬಳವಿಲ್ಲದೆ, ಅದೂ ಐವತ್ತು ಜನಕ್ಕಿಂತ ಕಡಿಮೆ ಇರುವ ಕಂಪನಿಗಳಿಗೆ ಅನ್ವಯಿಸದಂತೆ. ಕ್ಯಾಲಿಫೋರ್ನಿಯಾ ತನ್ನ ಲೆಕ್ಕದಲ್ಲಿ ಕೆಲವು ವಾರ ಸಂಬಳದ ಒಂದು ಪಾಲು ಕೊಡುತ್ತದೆ, ಅಷ್ಟೇ. ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಇಪ್ಪತ್ತಾರು ವಾರ ಸಂಬಳ ಸಹಿತ ರಜೆ ಇದೆ, ಸಂಘಟಿತ ವಲಯದ ಪುಣ್ಯವಂತೆಯರಿಗೆ. ಆ ಶ್ರೀಮಂತ ದೇಶ ಬಿಟ್ಟ ತೆರಪನ್ನು ತುಂಬಲು ಮಾಕಳಿ, ಮಂಡ್ಯ, ದಾವಣಗೆರೆಗಳಿಂದ ಅಮ್ಮಂದಿರು ವಿಮಾನ ಹತ್ತುತ್ತಾರೆ. ಮೊದಲ ಆರು ತಿಂಗಳು ಬಾಣಂತಿಯ ತಾಯಿ, ಆಮೇಲೆ ಅತ್ತೆ. ಇಳಿದಾಗ ಸಾಮಾನ್ಯವಾಗಿ ಆರು ತಿಂಗಳು ಇರಲು ಅನುಮತಿ ಸಿಗುವುದರಿಂದ ಪಾಳಿಯೂ ಹಾಗೆಯೇ ಹೊಂದುತ್ತದೆ.

ಫ್ರೀಮಾಂಟ್‌ನ ಲೇಕ್ ಎಲಿಜಬೆತ್ ಸುತ್ತ ಸಂಜೆ ನಡೆದರೆ ಅವರು ಸಿಗುತ್ತಾರೆ. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗ ಕೊಡಿಸಿದ ಸ್ಪೋರ್ಟ್ಸ್ ಶೂ, ಮುಂದೆ ಗಾಡಿಯಲ್ಲಿ ಮಗು. ಕನ್ನಡ ಕಿವಿಗೆ ಬಿದ್ದರೆ ನಿಲ್ಲುತ್ತಾರೆ. ಯಾವ ಊರು ಎಂದು ಕೇಳಿ, ಮರುಪ್ರಶ್ನೆ ‘ನಿಮ್ಮದು ಯಾವಾಗ ಮುಗಿಯುತ್ತೆ?’ ಎಂಬುದು. ಜೈಲಿನಲ್ಲೂ ಹಾಗೆಯೇ ಕೇಳುತ್ತಾರಂತೆ. ಮೊಮ್ಮಗುವಿನ ಮೇಲೆ ಪ್ರೀತಿ ಇಲ್ಲವೆಂದು ಯಾರೂ ತಿಳಿಯಬಾರದು. ಆ ಪ್ರೀತಿಯ ಮೇಲೆಯೇ ಈ ಏರ್ಪಾಡು ಇಷ್ಟು ಅಗ್ಗವಾಗಿ ನಿಂತಿರುವುದು. ಮಂಡಿಗೆ ಎಣ್ಣೆ ತಿಕ್ಕಿಕೊಂಡೇ ಮಗುವಿಗೆ ಎಣ್ಣೆ ತಿಕ್ಕುವವರು, ‘ಅಮೆರಿಕ ಹೇಗಿದೆ?’ ಎಂದು ಊರಿನಿಂದ ಫೋನು ಬಂದರೆ ‘ತುಂಬಾ ಚೆನ್ನಾಗಿದೆ’ ಎಂದು ಕಿಟಕಿಯ ಕಡೆ ನೋಡುತ್ತ ಹೇಳುವವರು. ನಾನೂ ಹಾಗೆಯೇ ಹೇಳಿದೆ.

ಉಪಸಂಹಾರ, ಪರಾಮರ್ಶನ, ಅನುಬಂಧಗಳನ್ನು ಸಹಸಂಶೋಧಕರು ಎದ್ದ ಮೇಲೆ ಸಿದ್ಧಪಡಿಸುತ್ತಾರೆ.

ಒಂದು ವಿಷಯ ಮಾತ್ರ ಅವರಿಗಾಗಿ ಕಾಯಬೇಕಿಲ್ಲ. ಚೆನ್ನೈನ ಅಮೆರಿಕದ ಕಾನ್ಸುಲೇಟಿಗೆ ವೀಸಾ ಸಂದರ್ಶನಕ್ಕೆ ಹೋಗುವ ಮುನ್ನ ಮನೆಮನೆಯಲ್ಲೂ ಅಮ್ಮಂದಿರಿಗೆ ಒಂದು ಪಾಠ ನಡೆಯುತ್ತದೆ: ‘ಮಗು ನೋಡಿಕೊಳ್ಳೋಕೆ ಅಂತ ಮಾತ್ರ ಬಾಯಿ ಬಿಡಬೇಡ, ಊರು ಸುತ್ತೋಕೆ ಅನ್ನು.’ ಕಾರಣ ಇಷ್ಟೇ: ಪ್ರವಾಸಿಗರ ಬಿ-2 ವೀಸಾದಲ್ಲಿ ಬಂದವರು ಅಮೆರಿಕದಲ್ಲಿ ಉದ್ಯೋಗ ಮಾಡುವಂತಿಲ್ಲ. ಟಿಕೆಟ್ ಬುಕ್ ಮಾಡುವ ಮಕ್ಕಳೇ, ವಾರಕ್ಕೊಂದು ದಿನವಾದರೂ ಆ ನಿಯಮವನ್ನು ಪಾಲಿಸಿ. ಅಂದಿನ ಸಾರನ್ನು ನೀವೇ ಇಡಿ.